ಬಿತ್ತದ ಸೊಪ್ಪು, ಬೇಲಿಯಿಲ್ಲದ ಹೊಲ

ಬೆರಕೆ ಸೊಪ್ಪಿನ ಬಸ್ಸಾರಿಗೆ ಬೇಕಾದ ಸೊಪ್ಪನ್ನು ಯಾರೂ ಬಿತ್ತುವುದಿಲ್ಲ. ಮುಂಗಾರು ಹದವಾಗಿ ಬಿದ್ದು ರಾಗಿ ಪೈರು ಗೇಣುದ್ದ ಬರುವ ಹೊತ್ತಿಗೆ ಸಾಲುಗಳ ನಡುವೆ ಅದು ತಾನಾಗಿ ಎದ್ದಿರುತ್ತದೆ. ಅಣ್ಣೆ, ಕನ್ನೆ, ಕೊಮ್ಮೆ, ಗೋಣಿ, ಕೀರೆ, ಗಣಿಕೆ, ಮುಳ್ಳುದಂಟು. ಕೆರೆಯಂಚಿನಲ್ಲಾದರೆ ಹೊನಗೊನ್ನೆ, ಬೇಲಿಯ ಮೇಲಾದರೆ ತೊಂಡೆಯ ಕುಡಿ. ಕೋಲಾರ, ತುಮಕೂರು, ರಾಮನಗರ, ಮಂಡ್ಯ, ಹಾಸನದ ರಾಗಿ ಸೀಮೆಯಲ್ಲಿ ಹೆಂಗಸರು ಇದನ್ನು ಮಡಿಲಿಗೆ ತುಂಬಿಕೊಂಡು ಬಂದು, ಸೋಸಿ, ತೊಗರಿಬೇಳೆಯನ್ನೋ ಹುರುಳಿಯನ್ನೋ ಅಲಸಂದೆಯನ್ನೋ ಸೇರಿಸಿ ಬೇಯಿಸುತ್ತಾರೆ. ಬೆಂದ ಮೇಲೆ ಕಟ್ಟು ಬಸಿದುಕೊಂಡು, ಅದಕ್ಕೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುಣಸೆ, ಖಾರ ಅರೆದು ಹಾಕಿದರೆ ಸಾರು. ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಒಲೆಯಲ್ಲಿ ಎರಡು ಅಡುಗೆ. ಮುದ್ದೆಗೆ ಇದಕ್ಕಿಂತ ಒಪ್ಪುವ ಜೊತೆ ಇಲ್ಲವೆಂದು ಆ ಸೀಮೆಯವರು ಹೇಳುತ್ತಾರೆ, ನನ್ನ ಮಾತೂ ಅದೇ.

ಸ್ಥಳೀಯ ಆಹಾರ, ಋತುಮಾನಕ್ಕೆ ತಕ್ಕ ಊಟ ಎಂಬ ಮಾತು ಈಗ ಪಟ್ಟಣಗಳಲ್ಲಿ ಜೋರಾಗಿದೆ. ತಾರಸಿಯ ಮೇಲೆ ಕೈತೋಟ ಮಾಡುವವರು ಹೆಚ್ಚಿದ್ದಾರೆ, ಸಿರಿಧಾನ್ಯದ ಅಂಗಡಿಗಳು ಬಂದಿವೆ, ಕಾಡುಸೊಪ್ಪಿನ ಅಡುಗೆಗೆ ಮೇಳಗಳು ನಡೆಯುತ್ತಿವೆ. ಈ ಉತ್ಸಾಹ ನನಗೆ ಸಂತೋಷ ತರುವಂಥದ್ದೇ. ಆದರೆ ಈ ಮಾತೆಲ್ಲ ಬಹುಪಾಲು ಉಣ್ಣುವವರ ಆಯ್ಕೆಯ ಸುತ್ತಲೇ ತಿರುಗುತ್ತದೆ: ಏನು ಕೊಳ್ಳಬೇಕು, ಏನು ಬೆಳೆದುಕೊಳ್ಳಬೇಕು, ಯಾವ ಸೊಪ್ಪಿನಲ್ಲಿ ಯಾವ ಸತ್ವವಿದೆ. ಆ ದಾರಿಯೊಂದರಿಂದಲೇ ಬೆರಕೆ ಸೊಪ್ಪು ಉಳಿಯುವುದಿಲ್ಲ ಎಂಬುದು ನನ್ನ ವಾದ. ಅದು ಇಷ್ಟು ಕಾಲ ಉಳಿದದ್ದು ಮೂರರ ಆಸರೆಯಿಂದ. ಕಳೆನಾಶಕ ಕಾಣದ ಮಣ್ಣು, ಕೈಯಿಂದ ಕಳೆ ಕೀಳುವ ಪದ್ಧತಿ, ಇನ್ನೊಬ್ಬರ ಹೊಲಕ್ಕಿಳಿದು ಸೊಪ್ಪು ಕುಯ್ಯಬಹುದೆಂದು ಊರು ಒಪ್ಪಿಕೊಂಡಿರುವ ಸಲುಗೆ. ಮೂರರಲ್ಲಿ ಕೊನೆಯದೇ ಮುಖ್ಯ. ಅದರ ಬಗ್ಗೆಯೇ ನಾವು ಮಾತಾಡುವುದು ಕಡಿಮೆ.

ಹಳ್ಳಿಯಲ್ಲಿ ಇನ್ನೊಬ್ಬರ ಹೊಲದ ಅವರೆಕಾಯಿ ಕಿತ್ತರೆ ಜಗಳವಾಗುತ್ತದೆ. ಅದೇ ಹೊಲದ ಅಣ್ಣೆ ಸೊಪ್ಪನ್ನು ಕುಯ್ದರೆ ಯಾರೂ ಕೇಳುವುದಿಲ್ಲ. ಪೈರು ತುಳಿಯಬಾರದು, ಎಳೆಯ ಕುಡಿ ಚಿವುಟಬೇಕು, ಅಕ್ಕಡಿ ಸಾಲಿನ ತೊಗರಿ, ಹುಚ್ಚೆಳ್ಳು, ಸಾಸಿವೆಯನ್ನು ಮುಟ್ಟಬಾರದು. ಇಷ್ಟೇ ಕಟ್ಟಳೆ. ಯಾರೂ ಬರೆದಿಟ್ಟದ್ದಲ್ಲ, ಯಾವ ಪಹಣಿಯಲ್ಲೂ ಇದರ ಕಾಲಂ ಇಲ್ಲ. ಹೊಲದೊಡೆಯನಿಗೆ ಇದರಲ್ಲಿ ನಷ್ಟವೂ ಇಲ್ಲ, ಯಾಕೆಂದರೆ ರಾಗಿಗೆ ಕಳೆಯ ಪೈಪೋಟಿ ಹೆಚ್ಚಾಗಿ ಬಾಧಿಸುವುದು ಮೊದಲ ಕೆಲವು ವಾರಗಳಲ್ಲಿ. ಸೊಪ್ಪು ತಿನ್ನಲು ಎಳೆಯದಾಗಿರುವುದೂ ಸರಿಯಾಗಿ ಆ ದಿನಗಳಲ್ಲೇ. ಒಬ್ಬರ ಕಳೆ ಇನ್ನೊಬ್ಬರ ಸಾರು. ಸ್ವಂತ ಹೊಲವಿಲ್ಲದ ಮನೆಗೆ, ಸಂತೆಯಲ್ಲಿ ತರಕಾರಿ ಕೊಳ್ಳಲು ಕೈಯಲ್ಲಿ ಕಾಸಿಲ್ಲದ ದಿನಕ್ಕೆ, ಇದು ದೊಡ್ಡ ಆಧಾರವಾಗಿತ್ತು.

ಇದನ್ನು ಹಳ್ಳಿಯ ಸಾಮರಸ್ಯದ ಚಿತ್ರವಾಗಿ ತೋರಿಸಿ ಮುಗಿಸುವಂತಿಲ್ಲ. ಆ ಸಲುಗೆಗೂ ಜಾತಿಯ ಗೆರೆಗಳಿದ್ದವು. ಅನೇಕ ಊರುಗಳಲ್ಲಿ ದಲಿತ ಹೆಂಗಸರು ಕೂಲಿಗೆಂದು ಹೊಲಕ್ಕೆ ಬಂದಾಗ ಸೊಪ್ಪು ಅವರ ಮಡಿಲು ಸೇರುತ್ತಿತ್ತೇ ಹೊರತು, ಬೇಕೆನಿಸಿದಾಗ ಯಾರ ಹೊಲಕ್ಕಾದರೂ ಇಳಿಯುವ ಸ್ವಾತಂತ್ರ್ಯ ಅವರಿಗೆ ಇರಲಿಲ್ಲ. ಬೆರಕೆ ಸೊಪ್ಪು ಬಡವರ ಊಟವೆಂಬ ತಾತ್ಸಾರವೂ ಅದರ ಜೊತೆಗೇ ಬೆಳೆದುಬಂದಿತು. ಮನೆಗೆ ನೆಂಟರು ಬಂದರೆ ಬಸ್ಸಾರು ಬಡಿಸಲು ಹಿಂಜರಿದವರು ಎಷ್ಟೋ ಮಂದಿ. ಅದೇ ಸೊಪ್ಪನ್ನು ಇಂದು ಹೋಟೆಲಿನಲ್ಲಿ ದುಬಾರಿ ಬೆಲೆ ಕೊಟ್ಟು ತಿನ್ನುವಾಗ, ಅದನ್ನು ಗುರುತಿಟ್ಟು, ಕುಯ್ದು, ಬೇಯಿಸಿ, ಮಕ್ಕಳನ್ನು ಸಾಕಿದವರು ಯಾರೆಂಬುದು ಮರೆಯಬಾರದು. ಬೀದರ್ ಗಡಿಗೆ ಅಂಟಿಕೊಂಡಿರುವ ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ದಲಿತ ಮಹಿಳೆಯರು ಹೀಗೆ ಬಿತ್ತದೆ ಬೆಳೆಯುವ ಹತ್ತಾರು ಸೊಪ್ಪುಗಳನ್ನು ತಾವೇ ಗುರುತಿಸಿ, ಅವು ಆಹಾರವೇ ಹೊರತು ಕಳೆಯಲ್ಲ ಎಂದು ಬಹಿರಂಗವಾಗಿ ವಾದಿಸಿದ್ದಾರೆ. ಸೊಪ್ಪಿನ ಬಗ್ಗೆ ಮಾತಾಡಲು ಅವರಿಗಿಂತ ಹೆಚ್ಚಿನ ಅರ್ಹತೆ ಯಾರಿಗಿದೆ?

ಕಾಡಿನಿಂದಲೋ ಹೊಲದಿಂದಲೋ ಆಯ್ದು ತಂದದ್ದನ್ನು ತಿನ್ನುವುದು ಸುಲಭವೆಂದು ಭಾವಿಸುವವರಿಗೆ ನಮ್ಮ ಅಡುಗೆಗಳನ್ನೇ ಗಮನಿಸಿ ಎನ್ನಬೇಕು. ಕೆಸುವಿನೆಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ, ನಾಲಿಗೆ ಗಂಟಲು ತುರಿಸುವುದು ಅದರಿಂದ. ಪತ್ರೊಡೆಯ ಹಿಟ್ಟಿಗೆ ಧಾರಾಳವಾಗಿ ಹುಣಸೆ ಹಾಕಿ, ಸುರುಳಿ ಸುತ್ತಿ, ಹಬೆಯಲ್ಲಿ ಬಹಳ ಹೊತ್ತು ಬೇಯಿಸುವುದು ರುಚಿಗಷ್ಟೇ ಅಲ್ಲ. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಅದಕ್ಕೇ ಮಲೆನಾಡಿನಲ್ಲಿ ಅದನ್ನು ಹೆಚ್ಚಿ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಆಮೇಲೆ ಒಲೆಗೆ ಏರಿಸುತ್ತಾರೆ. ಮೂರನೆಯ ಮಂಗರಸ ಹದಿನಾರನೆಯ ಶತಮಾನದ ಆರಂಭದಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲೇ ಕಳಲೆಯ ಅಡುಗೆಗಳಿಗೆ ಜಾಗವಿದೆ, ಅಂದರೆ ಈ ತಿಳಿವಳಿಕೆ ಐನೂರು ವರ್ಷಗಳಿಗೂ ಹಳೆಯದು. ಗಣಿಕೆಯ ಎಲೆ ಬೇಯಿಸಿ ತಿನ್ನಬಹುದು, ಕಪ್ಪಗೆ ಮಾಗಿದ ಹಣ್ಣು ಮಕ್ಕಳಿಗೆ ಪ್ರಿಯ, ಹಸಿರು ಕಾಯಿಯನ್ನು ಮಾತ್ರ ಬಾಯಿಗೆ ಹಾಕಬಾರದು. ತಗಚೆಯನ್ನು ಹೂ ಬರುವ ಮೊದಲೇ ಕುಯ್ಯಬೇಕು.

ಈ ತಿಳಿವಳಿಕೆಯಿಂದ ಕಳಚಿಕೊಂಡ ಸೊಪ್ಪು ಏನಾಗಬಹುದು ಎಂಬುದಕ್ಕೆ ಚಕ್ರಮುನಿಯ ಕಥೆ ಸಾಕು. ನಮ್ಮಲ್ಲಿ ವಿಟಮಿನ್ ಸೊಪ್ಪು ಎಂದು ಕರೆಸಿಕೊಂಡು ಹಿತ್ತಿಲಲ್ಲಿ, ಕುಂಡದಲ್ಲಿ ಬೆಳೆಯುವ ಆ ಗಿಡವನ್ನು ಆಗ್ನೇಯ ಏಷ್ಯಾದಲ್ಲಿ ಬಹುಕಾಲದಿಂದ ಬೇಯಿಸಿ ತಿನ್ನುತ್ತಾರೆ. 1990ರ ದಶಕದ ಮಧ್ಯದಲ್ಲಿ ತೈವಾನಿನಲ್ಲಿ ಮೈ ತೂಕ ಇಳಿಸಿಕೊಳ್ಳಲು ಅದರ ಹಸಿ ಎಲೆಯ ರಸವನ್ನು ವಾರಗಟ್ಟಲೆ, ಲೋಟಗಟ್ಟಲೆ ಕುಡಿಯುವ ಚಾಳಿ ಹಬ್ಬಿತು. ಕುಡಿದ ನೂರಾರು ಮಂದಿಯ ಶ್ವಾಸಕೋಶ ಕೆಟ್ಟಿತು, ಕೆಲವರು ತೀರಿಕೊಂಡರು. ಗಿಡ ಅದೇ, ಎಲೆ ಅದೇ. ತಪ್ಪಿದ್ದು ಪ್ರಮಾಣ ಮತ್ತು ಪಾಕ. ನಾಲ್ಕಾರು ಬಗೆಯ ಸೊಪ್ಪನ್ನು ಒಂದೊಂದು ಹಿಡಿ ಬೆರೆಸಿ, ಬೇಯಿಸಿ, ಕಾಳಿನ ಜೊತೆ ಉಣ್ಣುವ ಬೆರಕೆ ಸೊಪ್ಪಿನ ಪದ್ಧತಿಯಲ್ಲಿ ಯಾವುದೇ ಒಂದು ಗಿಡದ ದೋಷ ಮೈಗೆ ವಿಪರೀತವಾಗಿ ಸೇರುವ ಸಂಭವ ಕಡಿಮೆ. ಇಂದು ಬೆಳಗೆದ್ದು ಯಾವುದೋ ಸೊಪ್ಪಿನ ರಸ ಕುಡಿಯಿರೆಂದು ಮೊಬೈಲಿನಲ್ಲಿ ಬೋಧಿಸುವವರನ್ನು ಕೇಳುವ ಮುಂಚೆ ಈ ಸಂಗತಿಯನ್ನು ಎಲ್ಲರೂ ತಿಳಿದಿರಬೇಕು. ಬೆಂಗಳೂರಿನ ಸುತ್ತಮುತ್ತ ಸೊಪ್ಪು ಆಯುವವರಿಗೆ ಇನ್ನೊಂದು ಎಚ್ಚರವೂ ಬೇಕು: ಕೊಳಚೆ ನೀರು ಸೇರುವ ಕೆರೆಯಂಗಳದಲ್ಲಿ ಹೊನಗೊನ್ನೆ ಎಷ್ಟೇ ಹುಲುಸಾಗಿದ್ದರೂ ಕುಯ್ಯಬಾರದು. ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಸೊಪ್ಪು ಹೀರಿಕೊಳ್ಳುತ್ತದೆ, ಎಷ್ಟು ತೊಳೆದರೂ ಅವು ಹೋಗುವುದಿಲ್ಲ.

ಋತುಮಾನದ ಊಟವೆಂದರೆ ಸಮೃದ್ಧಿಯ ಊಟವೆಂದು ನಂಬಿಸುವವರೂ ಇದ್ದಾರೆ. ತುಳುನಾಡಿನ ಆಟಿ ತಿಂಗಳನ್ನು ನೆನೆಯೋಣ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಎಡೆಬಿಡದ ಮಳೆ, ಕೂಲಿಯಿಲ್ಲ, ಪಣತದಲ್ಲಿ ಭತ್ತ ತಳ ಕಂಡಿರುತ್ತದೆ. ತಗಚೆ ಸೊಪ್ಪು, ಕೆಸು, ಕಳಲೆ, ಬೇಸಿಗೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಒಣಗಿಸಿಟ್ಟ ಹಲಸಿನ ಬೀಜ ಆ ತಿಂಗಳ ಊಟವಾದದ್ದು ಹಸಿವಿನ ಒತ್ತಡಕ್ಕೆ. ಈಗ ‘ಆಟಿಡೊಂಜಿ ದಿನ’ ಎಂದು ಮಂಗಳೂರಿನಿಂದ ಮುಂಬೈವರೆಗೆ ಆಚರಿಸಿ, ಅವೇ ಅಡುಗೆಗಳನ್ನು ಸಾಲಾಗಿ ಬಡಿಸುತ್ತಾರೆ. ಆಚರಿಸಲಿ. ಮಕ್ಕಳು ಕೆಸುವಿಗೆ ತೇವು, ತಗಚೆಗೆ ತಜಂಕ್ ಎಂಬ ತುಳು ಹೆಸರನ್ನಾದರೂ ಕಲಿಯುತ್ತಾರೆ. ಆದರೆ ಮೂವತ್ತು ಬಗೆಯನ್ನು ಒಂದೇ ಮಧ್ಯಾಹ್ನ ಉಂಡರೆ ಆಟಿ ಅರ್ಥವಾಗುವುದಿಲ್ಲ. ಬೇಸಿಗೆಯಲ್ಲೇ ಮಳೆಗಾಲದ ಹಸಿವನ್ನು ಕಂಡು, ಹಲಸನ್ನು ಉಪ್ಪಿಗೆ ಹಾಕಿಟ್ಟ ಆ ಮುಂದಾಲೋಚನೆಯೇ ಅದರಲ್ಲಿ ಕಲಿಯಬೇಕಾದದ್ದು. ಕೊಡಗಿನಲ್ಲಿ ಕಕ್ಕಡ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಮದ್ದು ಸೊಪ್ಪಿನ ನೇರಳೆ ರಸದಲ್ಲಿ ಪಾಯಸ ಮಾಡುವ ವಾಡಿಕೆಯೂ ಇದೇ ಮಳೆಯ ಮಗ್ಗುಲಲ್ಲಿ ಹುಟ್ಟಿದ್ದು. ಉತ್ತರ ಕರ್ನಾಟಕದ ಎಳ್ಳಮಾವಾಸ್ಯೆ ಇದಕ್ಕೆ ತದ್ವಿರುದ್ಧ. ಅದು ನಿಜಕ್ಕೂ ತುಂಬಿದ ಹೊಲದ ಹಬ್ಬ. ಚರಗ ಚೆಲ್ಲಿ, ಸಜ್ಜಿ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಕಾಳು ಸೊಪ್ಪುಗಳೆಲ್ಲ ಕೂಡಿದ ಭಜ್ಜಿಯನ್ನು ಬಂಧು ಬಳಗದೊಡನೆ ಹೊಲದಲ್ಲೇ ಕೂತು ಉಣ್ಣುವುದು. ಅಲ್ಲಿಯ ಊಟದಲ್ಲಿ ಹತ್ತರಕಿಯಂಥ ಸೊಪ್ಪನ್ನು ಬೇಯಿಸುವುದೂ ಇಲ್ಲ, ಜೋಳದ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುತ್ತಾರೆ.

ಕಾಲದ ಹಿಡಿತ ಸಡಿಲಿಸಿದರೆ ಏನು ಸಿಗುತ್ತದೆ, ಏನು ಕಳೆಯುತ್ತದೆ ಎಂಬುದಕ್ಕೆ ಅವರೆಯಷ್ಟು ಒಳ್ಳೆಯ ಉದಾಹರಣೆ ಬೇರೆ ಇಲ್ಲ. ನಾಡ ಅವರೆ ಹಗಲು ಕಿರಿದಾದ ಮೇಲೆಯೇ ಹೂ ಬಿಡುವ ಗಿಡ. ಹಾಗಾಗಿ ಡಿಸೆಂಬರ್, ಜನವರಿಯ ಚಳಿಯಲ್ಲಿ, ಇಬ್ಬನಿಯಲ್ಲಿ ಕಾಯಿ ತುಂಬಿ, ಕೈಗೆ ಅಂಟುವ ಆ ಸೊಗಡು ಬರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ವಿಜ್ಞಾನಿಗಳು ಹಗಲಿನ ಉದ್ದಕ್ಕೆ ಕಾಯದೆ ಫಸಲು ಕೊಡುವ ಎಚ್‌ಎ-3, ಎಚ್‌ಎ-4 ತಳಿಗಳನ್ನು ಕೊಟ್ಟರು. ರೈತನಿಗೆ ವರ್ಷದ ಯಾವ ತಿಂಗಳಲ್ಲಾದರೂ ಬೆಳೆದು ಮಾರುವ ಅನುಕೂಲವಾಯಿತು, ಅದು ಸಣ್ಣ ಲಾಭವಲ್ಲ. ಸೊಗಡು ಮಾತ್ರ ನಾಡ ಅವರೆಯಷ್ಟು ಬರಲಿಲ್ಲ. ಹೊಸ ತಳಿಯನ್ನು ಬೇಡವೆನ್ನುವ ಕಾರಣ ನನಗಿಲ್ಲ. ನನಗೆ ಬೇಕಾದದ್ದು, ಅದು ಬಂದ ಮೇಲೂ ಮನೆಯ ಬಿತ್ತನೆಗೆಂದು ನಾಡ ಅವರೆಯ ಬೀಜವನ್ನು ಬೂದಿ ಬೆರೆಸಿ ಮಡಕೆಯಲ್ಲಿಡುವ ರೈತಾಪಿ ಮನೆ ಇರಬೇಕು, ಚಳಿಗಾಲದ ಕಾಯಿಗೆ ಹೆಚ್ಚು ಬೆಲೆ ಕೊಡುವ ಗಿರಾಕಿಯೂ ಇರಬೇಕು.

ಈಗ ನಿಜವಾದ ತೊಡಕಿಗೆ ಬರೋಣ. ದಾವಣಗೆರೆ, ಹಾವೇರಿ ಕಡೆಯ ಎಷ್ಟೋ ಹೊಲಗಳಲ್ಲಿ ಜೋಳ, ರಾಗಿ, ಸಾವೆಗಳಿದ್ದ ಜಾಗಕ್ಕೆ ಗೋವಿನಜೋಳ ಬಂದಿದೆ. ಅದರ ಹಿಂದೆಯೇ ಅಟ್ರಜಿನ್ ಬಂತು. ಬಿತ್ತಿದ ಒಂದೆರಡು ದಿನಕ್ಕೆ ಹೊಡೆದರೆ ಅಗಲ ಎಲೆಯ ಕಳೆ ಮೊಳಕೆಯಲ್ಲೇ ಸಾಯುತ್ತದೆ, ಗೋವಿನಜೋಳಕ್ಕೆ ಏನೂ ಆಗುವುದಿಲ್ಲ. ಅಗಲ ಎಲೆಯ ಕಳೆಯೆಂದರೆ ಬೇರೇನಲ್ಲ, ಅಣ್ಣೆ, ಕೀರೆ, ಗೋಣಿಗಳೇ. ಅಡಿಕೆ ತೋಟದಲ್ಲಿ, ಬದುಗಳ ಮೇಲೆ ಗ್ಲೈಫೋಸೇಟ್. ಅದರ ಸಿಂಪಡಣೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಣ ಕೆಲಸಗಾರರಿಗಷ್ಟೇ ಸೀಮಿತಗೊಳಿಸಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಹಳ್ಳಿಯ ಬದುಗಳ ಮೇಲೆ ಕೆಂಪಗೆ ಸುಟ್ಟು ನಿಂತ ಹುಲ್ಲನ್ನು ಕಂಡವರಿಗೆ ಆ ಅಧಿಸೂಚನೆ ಎಷ್ಟು ದೂರ ತಲುಪಿದೆಯೆಂದು ಹೇಳಬೇಕಾಗಿಲ್ಲ.

ಕಳೆನಾಶಕದ ಪರವಾಗಿರುವ ವಾದವನ್ನು ಅದರ ಪೂರ್ತಿ ಬಲದೊಡನೆಯೇ ಎದುರಿಸಬೇಕು. ಕಳೆ ಕೀಳುವುದು ಹೆಂಗಸರ ಬೆನ್ನು ಮುರಿಯುವ ಕೆಲಸ. ಬೆಳಗಿನಿಂದ ಸಂಜೆವರೆಗೆ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಸರಿಯುತ್ತಾ ಹೋಗಬೇಕು, ಗಂಡಾಳಿಗಿಂತ ಕಡಿಮೆ ಕೂಲಿಗೆ. ಔಷಧಿ ಹೊಡೆದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ, ಆಳಿಗಾಗಿ ಅಲೆಯುವುದು ತಪ್ಪುತ್ತದೆ. ಸೊಪ್ಪಿಗಾಗಿ ಹೆಂಗಸರ ಬೆನ್ನು ಬಾಗಿಯೇ ಇರಲಿ ಎನ್ನುವುದು ಯಾವ ನ್ಯಾಯ? ಈ ಪ್ರಶ್ನೆ ಕೇಳುವವರು ಸರಿಯಾಗಿಯೇ ಕೇಳುತ್ತಿದ್ದಾರೆ. ಉತ್ತರಿಸದೆ ಸೊಪ್ಪಿನ ಗುಣಗಾನ ಮಾಡುವುದು ಆ ಹೆಂಗಸರಿಗೆ ಮಾಡುವ ಅನ್ಯಾಯ.

ನನ್ನ ಉತ್ತರ ಹೀಗಿದೆ. ಕಳೆನಾಶಕದಿಂದ ಬಿಡುವು ಸಿಕ್ಕಿದ್ದು ಹೊಲವಿರುವ ಮನೆಯ ಹೆಂಗಸಿಗೆ. ಹೊಲವಿಲ್ಲದ ಮನೆಯ ಹೆಂಗಸಿಗೆ ಕೂಲಿ ಹೋಯಿತು, ಕೂಲಿಯ ಜೊತೆ ಮಡಿಲಿಗೆ ಬರುತ್ತಿದ್ದ ಸೊಪ್ಪೂ ಹೋಯಿತು. ಬೆನ್ನು ಬಾಗಿಸುವ ಕೆಲಸ ತಪ್ಪಿಸಲು ವಿಷವೊಂದೇ ದಾರಿಯೂ ಅಲ್ಲ. ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತಿದರೆ ಎಡೆಕುಂಟೆ ಆಡುತ್ತದೆ; ಸಾಲಿನ ನಡುವಿನ ಕಳೆಯನ್ನೆಲ್ಲ ಅದು ಮಗುಚುತ್ತದೆ, ಬುಡದ ಪಕ್ಕದಲ್ಲಿ ಉಳಿದದ್ದನ್ನಷ್ಟೇ ಕೈಯಲ್ಲಿ ಕಿತ್ತರೆ ಸಾಕು. ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿಯಲ್ಲಿ ಸಸಿಗಳನ್ನು ಚೌಕದ ಅಂತರದಲ್ಲಿ ನೆಡುವುದರಿಂದ ಕುಂಟೆಯನ್ನು ಉದ್ದಕ್ಕೂ ಅಡ್ಡಕ್ಕೂ ಹೊಡೆಯಬಹುದು, ಪೈರಿನ ಮೇಲೆ ಕೊರಡು ಎಳೆದರೆ ತೆಂಡೆ ಹೆಚ್ಚುತ್ತದೆ, ಇಳುವರಿಯೂ ಏರುತ್ತದೆ. ಎತ್ತಿಲ್ಲದವರಿಗೆ ನಿಂತುಕೊಂಡೇ ತಳ್ಳುವ ಸೈಕಲ್ ಕುಂಟೆಯಿದೆ. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಟ್ರ್ಯಾಕ್ಟರ್, ರೋಟವೇಟರ್ ಬಾಡಿಗೆಗೆ ಸಿಗುತ್ತವೆ. ಹೆಂಗಸರ ಕೈಗೆ ಹಗುರವಾದ ಇಂಥ ಕುಂಟೆಗಳೂ ಅಲ್ಲಿ ಸಾಕಷ್ಟು ಇರಬೇಕು, ಅವುಗಳ ಬಾಡಿಗೆ ಒಂದು ದಿನದ ಕಳೆನಾಶಕದ ಖರ್ಚಿಗಿಂತ ಕಡಿಮೆಯಿರಬೇಕು. ಇದು ಸರ್ಕಾರದ ಕೈಯಲ್ಲಿರುವ ಕೆಲಸ, ದೊಡ್ಡ ಹಣವೂ ಬೇಡ.

ಇನ್ನೊಂದು ಭಾರ ಅಡುಗೆಮನೆಯೊಳಗಿನದು. ಬೆರಕೆ ಸೊಪ್ಪು ಸೋಸಲು ಮುಕ್ಕಾಲು ಗಂಟೆ ಕೂರಬೇಕು. ದಂಟು ಬೇರೆ, ಹುಲ್ಲುಕಡ್ಡಿ ಬೇರೆ, ಹುಳ ತಿಂದ ಎಲೆ ಬೇರೆ. ಮನೆಯಲ್ಲಿ ಸೊಪ್ಪಿನ ಸಾರು ಬೇಕೆನ್ನುವ ಗಂಡಸರು ಮೊರದ ಮುಂದೆ ಕೂತು ಸೋಸುವುದನ್ನು ಕಲಿಯದಿದ್ದರೆ, ಋತುಮಾನದ ಊಟದ ಬಗ್ಗೆ ಅವರಾಡುವ ಮಾತಿಗೆ ತೂಕವಿಲ್ಲ.

ಕೈತೋಟದ ವಿಷಯ. ಹಿತ್ತಿಲಿದ್ದ ಮನೆಗಳಲ್ಲಿ ಬಚ್ಚಲ ನೀರು ಹರಿಯುವ ಕಡೆ ಕೆಸು, ಬಾಳೆ, ಬಸಳೆಯ ಚಪ್ಪರ, ಪಕ್ಕದಲ್ಲಿ ದೊಡ್ಡಪತ್ರೆ, ನುಗ್ಗೆ ಇರುತ್ತಿದ್ದವು. ತೋಟದ ಕಾಲುವೆಯಿಂದ ತಂದು ಊರಿದ ಒಂದೆಲಗ ತಾನಾಗಿ ಹಬ್ಬುತ್ತಿತ್ತು. ಬೆಳೆದದ್ದು, ಆಯ್ದದ್ದು ಎಂಬ ಗಡಿ ಅಲ್ಲಿ ಗಟ್ಟಿಯಾಗಿರಲಿಲ್ಲ. ತಾರಸಿಯ ಮೇಲೆ ಕುಂಡವಿಟ್ಟವರೂ ಇದನ್ನೇ ಮಾಡಬಹುದು. ಟೊಮೆಟೊ ಕುಂಡದಲ್ಲಿ ತಾನಾಗಿ ಎದ್ದ ಗೋಣಿ ಸೊಪ್ಪನ್ನು, ಗಣಿಕೆಯನ್ನು, ಕೀರೆಯನ್ನು ಕಿತ್ತೆಸೆಯದೆ ಗುರುತು ಹಿಡಿದು ಬೆಳೆಯಲು ಬಿಡಲಿ. ಒಂದೆರಡು ಗಿಡ ಬೀಜ ಕಟ್ಟಿ ಉದುರಲಿ. ವರ್ಷ ವರ್ಷವೂ ಹೈಬ್ರಿಡ್ ಬೀಜದ ಪೊಟ್ಟಣ, ತೆಂಗಿನ ನಾರಿನ ಇಟ್ಟಿಗೆ ಕೊಳ್ಳುವ ತೋಟಕ್ಕಿಂತ ಅದು ಕಲಿಸುವ ಪಾಠ ದೊಡ್ಡದು. ಕೈತೋಟಕ್ಕೆ ಇಷ್ಟು ಗೌರವ ಸಲ್ಲಬೇಕು. ಹಾಗೆಂದು ಹತ್ತು ಕುಂಡಗಳಲ್ಲಿ ಒಂದು ರಾಗಿ ಸೀಮೆಯ ಬೆರಕೆ ಸೊಪ್ಪು ಉಳಿಯುತ್ತದೆಂದು ನೆಮ್ಮದಿ ಪಡುವಂತಿಲ್ಲ. ಕುಂಡಕ್ಕೆ ಒಡೆಯರಿದ್ದಾರೆ, ಬಾಗಿಲಿಗೆ ಬೀಗವಿದೆ. ನೆರೆಯವರು ಬಂದು ಚಿವುಟಿಕೊಂಡು ಹೋಗುವ ಸಲುಗೆ ಅಲ್ಲಿಲ್ಲ.

ದೇಸಿ ಎಂಬ ಶುದ್ಧತೆಯ ಹಟವೂ ಇಲ್ಲಿ ಸಲ್ಲದು. ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಓದಿದವರಿಗೆ ನಮ್ಮ ಮೆಣಸಿನಕಾಯಿ, ಟೊಮೆಟೊ, ಆಲೂಗೆಡ್ಡೆ ಎಲ್ಲಿಂದ ಬಂದವೆಂದು ಗೊತ್ತು. ಬಸ್ಸಾರಿನ ಖಾರವೇ ಹೊರಗಿನಿಂದ ಬಂದದ್ದು. ಪಾರ್ಥೇನಿಯಂ ಕೂಡ ಅಮೆರಿಕ ಖಂಡದ್ದೇ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡದ್ದು ಕಾಂಗ್ರೆಸ್ ಗಿಡವೆಂಬ ಹೆಸರಿನಲ್ಲಿ ನಮ್ಮ ಗೋಮಾಳ, ರಸ್ತೆಯಂಚುಗಳನ್ನೆಲ್ಲ ಹಬ್ಬಿ, ಅಣ್ಣೆ, ಕೊಮ್ಮೆಗಳ ಜಾಗ ಕಸಿಯಿತು. ಒಂದು ಗಿಡ ನಮ್ಮದಾಗುವುದು ಹುಟ್ಟಿದ ಊರಿನಿಂದಲ್ಲ. ಅದು ನೆರೆಯ ಗಿಡಗಳಿಗೆ ಎಡೆ ಬಿಡುತ್ತದೆಯೇ, ಅದರ ಬೀಜ ನಮ್ಮ ಕೈಯಲ್ಲಿದೆಯೇ ಎಂಬುದೇ ಅಳತೆಗೋಲು.

ಕಾಡಿನಂಚಿಗೆ ಹೋದರೆ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಗುಡುಗು ಮಳೆಗೆ ಹುತ್ತದ ಮೇಲೇಳುವ ಅಣಬೆಯನ್ನು ಯಾವ ಕೊಠಡಿಯಲ್ಲೂ ಬೆಳೆಸಲಾಗುವುದಿಲ್ಲ. ಗೆದ್ದಲಿನ ಜೊತೆಗೇ ಅದರ ಬಾಳು. ಅಘನಾಶಿನಿ, ಶರಾವತಿಯ ದಡದ ಅಪ್ಪೆಮಿಡಿಗೆ ಪಟ್ಟಣದ ಬೇಡಿಕೆ ಏರಿದಂತೆ ಮಿಡಿ ಬಿಡಿಸುವ ಬದಲು ಕೊಂಬೆಯನ್ನೇ ಕಡಿದು ಇಳಿಸುವ ಆತುರ ಬಂದು ಮರಗಳು ಸೊರಗಿವೆ. ಮಾರುಕಟ್ಟೆ ದೂರವಿದ್ದಷ್ಟೂ ಮರದ ಮೇಲಿನ ಕರುಣೆ ಕಡಿಮೆ. ಇದಕ್ಕೆ ಸರ್ಕಾರದ ಹಳೆಯ ಮದ್ದು ಯಾರೂ ಏನೂ ತೆಗೆಯದಂತೆ ಬೇಲಿ ಹಾಕುವುದು. ಬಿಳಿಗಿರಿರಂಗನ ಬೆಟ್ಟದಲ್ಲಿ ನಡೆದದ್ದೂ ಅದೇ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ನಂತರ ಜೇನು, ನೆಲ್ಲಿಕಾಯಿಗಳನ್ನು ಮಾರಾಟಕ್ಕೆ ತೆಗೆಯುವುದು ನಿಂತು ಸೋಲಿಗರ ದುಡಿಮೆಯೇ ಕೈತಪ್ಪಿತು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರು, ಜೇನು, ಗೆಡ್ಡೆ ಗೆಣಸು ಸೇರಿದಂತೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಅರಣ್ಯವಾಸಿಗಳ ಒಡೆತನವನ್ನು ಒಪ್ಪಿತು. 2011ರಲ್ಲಿ ಅಲ್ಲಿಯ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ. ಸೋಲಿಗರು ಕಾಡುಗೆಣಸು ಅಗೆದಾಗ ಚಿಗುರುವ ತುದಿಯನ್ನು ಗುಂಡಿಯಲ್ಲೇ ಬಿಟ್ಟು ಮಣ್ಣು ಮುಚ್ಚುತ್ತಾರೆ. ಬೇಸಿಗೆ ಬಲಿಯುವ ಮುನ್ನ ಹಾಕುತ್ತಿದ್ದ ತರಗು ಬೆಂಕಿಯನ್ನು ಅರಣ್ಯ ಇಲಾಖೆ ನಿಲ್ಲಿಸಿದ ಮೇಲೆಯೇ ಲಂಟಾನ ಕಾಡನ್ನೆಲ್ಲ ಆವರಿಸಿತು ಎಂಬುದು ಅವರ ಅನುಭವದ ಮಾತು. ಆಯ್ದು ತಿನ್ನುವವರಿಂದ ಕಾಡು ಬರಿದಾಗುತ್ತದೆಂಬ ಹೆದರಿಕೆಗಿಂತ, ಆಯುವ ಹಕ್ಕುಳ್ಳವರೇ ಅದನ್ನು ಕಾಯುತ್ತಾರೆಂಬ ನಂಬಿಕೆಗೆ ಇಲ್ಲಿ ಆಧಾರ ಹೆಚ್ಚಿದೆ.

ಬಯಲು ಸೀಮೆಯ ಸೊಪ್ಪಿಗೆ ಇಂಥ ಕಾಯ್ದೆಯ ಆಸರೆ ಇಲ್ಲ. ಕರ್ನಾಟಕದ ಭೂಕಂದಾಯ ನಿಯಮಗಳಲ್ಲಿ ನೂರು ಜಾನು­ವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗೋಮಾಳ ಬಿಡಬೇಕೆಂಬ ಲೆಕ್ಕವಿದೆ. ಅದೇ ಗೋಮಾಳದಲ್ಲಿ ಸೊಪ್ಪು, ಸೌದೆ, ಕಾರೆಹಣ್ಣು ಆಯುವ ಹೆಂಗಸರು ಮಕ್ಕಳು ಎಷ್ಟು ಮಂದಿಯೆಂಬ ಲೆಕ್ಕ ಎಲ್ಲೂ ಇಲ್ಲ. ಹಾಗಾಗಿ ಗೋಮಾಳ ಬಡಾವಣೆಯಾದಾಗ, ಕೈಗಾರಿಕೆಗೆ ಹೋದಾಗ, ದನಗಳ ಸಂಖ್ಯೆ ಇಳಿದಿದೆಯೆಂದು ತೋರಿಸಿದರೆ ಸಾಕಾಗುತ್ತದೆ. ಕೆರೆಯಂಗಳಕ್ಕೆ ತಂತಿಬೇಲಿ ಹಾಕಿ ನಡಿಗೆಯ ಹಾದಿ ಮಾಡಿದಾಗ ಹೊನಗೊನ್ನೆ ಕುಯ್ಯುತ್ತಿದ್ದವಳು ಒತ್ತುವರಿದಾರಳಂತೆ ಹೊರಗೆ ನಿಲ್ಲುತ್ತಾಳೆ.

ಈ ನಷ್ಟದ ಪರಿಣಾಮ ಮೈಮೇಲೆ ಕಾಣುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ಇದ್ದವರು 2015–16ರಲ್ಲಿ ಶೇ 44.8, 2019–21ರ ಹೊತ್ತಿಗೆ ಶೇ 47.8. ಸೊಪ್ಪು ಕಡಿಮೆಯಾದದ್ದೊಂದೇ ಇದಕ್ಕೆ ಕಾರಣವೆಂದು ನಾನು ಹೇಳುವುದಿಲ್ಲ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದೂ ನಿಧಾನ. ನಿಂಬೆ, ನೆಲ್ಲಿಯ ಹುಳಿ ಜೊತೆಗಿದ್ದರೆ ವಾಸಿ, ಊಟದ ಬೆನ್ನಿಗೇ ಚಹಾ ಕುಡಿದರೆ ಇನ್ನೂ ಕಡಿಮೆ. ಮೊಟ್ಟೆ, ಮೀನು, ಮಾಂಸ, ಕಬ್ಬಿಣದ ಮಾತ್ರೆಗಳ ಜಾಗವನ್ನು ಸೊಪ್ಪು ತುಂಬಲಾರದು. ಆದರೂ ದಿನಕ್ಕೆ 100 ಗ್ರಾಂ ಸೊಪ್ಪು ತಿನ್ನಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವಾಗ, ಅಷ್ಟು ಸೊಪ್ಪು ಕಾಸಿಲ್ಲದೆ ಸಿಗುತ್ತಿದ್ದ ಜಾಗಗಳನ್ನು ನಾವೇ ಮುಚ್ಚುತ್ತಿದ್ದೇವೆ.

ಆಗಬೇಕಾದ ಕೆಲಸಕ್ಕೆ ಹೊಸ ಕಾನೂನು ಬರಲೆಂದು ಕಾಯಬೇಕಿಲ್ಲ. ಜೀವವೈವಿಧ್ಯ ಕಾಯ್ದೆ ಬಂದದ್ದು 2002ರಲ್ಲಿ. ಅದರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ಆ ದಾಖಲೆಯಲ್ಲಿ ಮರ, ಔಷಧಿ ಗಿಡಗಳ ಪಟ್ಟಿಯ ಜೊತೆಗೆ ಊರಿನ ಹೆಂಗಸರನ್ನು ಕೂರಿಸಿಕೊಂಡು ಬಿತ್ತದ ಸೊಪ್ಪುಗಳ ಹೆಸರು, ಅವು ಏಳುವ ಮಳೆಯ ನಕ್ಷತ್ರ, ಸಿಗುವ ಸರ್ವೆ ನಂಬರು, ಅಡುಗೆಯ ಕ್ರಮವನ್ನೂ ಬರೆಯಿಸಬೇಕು. ಸರ್ವೆ ನಂಬರು ಮುಖ್ಯ. ಗೋಮಾಳವನ್ನೋ ಕೆರೆಯಂಗಳವನ್ನೋ ಬೇರೆ ಕೆಲಸಕ್ಕೆ ಕೊಡುವ ಪ್ರಸ್ತಾಪ ಗ್ರಾಮಸಭೆಯ ಮುಂದೆ ಬಂದ ದಿನ, ಇಲ್ಲಿ ಇಷ್ಟು ಮನೆಗಳು ಇಂಥಿಂಥ ತಿಂಗಳು ಸೊಪ್ಪು ಕುಯ್ಯುತ್ತವೆ ಎಂದು ಎದ್ದು ನಿಂತು ಹೇಳಲು ಆ ಪುಟ ಕೈಯಲ್ಲಿರಬೇಕು. ಅಂಗನವಾಡಿಯ ಮಾತೃಪೂರ್ಣ ಊಟಕ್ಕೆ ಬೇಕಾದ ಸೊಪ್ಪನ್ನು ಮಳೆಗಾಲದ ತಿಂಗಳುಗಳಲ್ಲಿ ಊರಿನ ಸ್ವಸಹಾಯ ಸಂಘದ ಹೆಂಗಸರಿಂದಲೇ, ಸಂತೆಯ ದರಕ್ಕೆ ಕಡಿಮೆಯಿಲ್ಲದಂತೆ ಕೊಳ್ಳಲಿ. ಬಾಣಂತಿ, ಬಸುರಿಯರಿಗೆ ಸೊಪ್ಪು ಸಿಗುತ್ತದೆ, ಅದನ್ನು ಬಲ್ಲವರಿಗೆ ದುಡ್ಡು ಸಿಗುತ್ತದೆ, ಔಷಧಿ ಹೊಡೆಯದ ಹೊಲಕ್ಕೆ ಊರಿನಲ್ಲಿ ಒಂದು ಬೆಲೆ ಬರುತ್ತದೆ.

ಪಟ್ಟಣದಲ್ಲಿ ಕೊಳ್ಳುವವರು ಮಾಡಬೇಕಾದದ್ದೂ ಇದೆ. ಸಂತೆಯಲ್ಲಿ ಗೋಣಿಚೀಲ ಹಾಸಿ ಬೆರಕೆ ಸೊಪ್ಪು ಮಾರುವ ಅಜ್ಜಿಯ ಹತ್ತಿರ ಚೌಕಾಸಿ ಮಾಡಬಾರದು. ಸೊಪ್ಪು ಎಲ್ಲಿಯದು, ಯಾವ ನೀರಿನದು, ಆ ಹೊಲಕ್ಕೆ ಏನು ಹೊಡೆದಿದ್ದಾರೆ ಎಂದು ಅವರನ್ನೇ ಕೇಳಬೇಕು. ಬಲ್ಲವರು ಎಲೆ ಎಲೆಯ ಹೆಸರು ಹೇಳಿ ಕೊಡುತ್ತಾರೆ. ಪುನರ್ವಸು ಮಳೆ ಮುಗಿದು ಸೊಪ್ಪು ಬಲಿತ ಮೇಲೂ ಅದೇ ಬೇಕೆಂದು ಹಟ ಹಿಡಿಯದೆ, ಮುಂದಿನ ತಿಂಗಳಿನದಕ್ಕೆ ಕಾಯಬೇಕು. ಊರಿನಲ್ಲಿ ಪಾಲಿನ ಹೊಲವಿದ್ದು ಗುತ್ತಿಗೆಗೆ ಕೊಟ್ಟವರಂತೂ ಈ ವಿಷಯದಲ್ಲಿ ಬರಿಯ ಗಿರಾಕಿಗಳಲ್ಲ. ಬದುವಿಗೆ ಕಳೆನಾಶಕ ಹೊಡೆಯಬಾರದು, ಸೊಪ್ಪಿಗೆ ಬರುವವರನ್ನು ತಡೆಯಬಾರದು ಎಂಬೆರಡು ಮಾತನ್ನು ಈ ವರ್ಷದ ಗುತ್ತಿಗೆ ಕರಾರಿನಲ್ಲೇ ಸೇರಿಸಬಹುದು. ಅದರ ಬದಲಿಗೆ ಗುತ್ತಿಗೆಯ ಹಣದಲ್ಲಿ ಸ್ವಲ್ಪ ಬಿಟ್ಟುಕೊಡಬಹುದು.